ತಿನ್ನೋ ಅಕ್ಕಿ, ಆರೋ ಅಕ್ಕಿ

ನನ್ನ ಬಾಯಲ್ಲಿ 'ಹ' ಸರಿಯಾಗಿ ಕೂತದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ. ಅದಾಗಿಯೇ ಬಂದು ಕೂರಲಿಲ್ಲ, ನಾನೇ ಹಿಡಿದು ಕೂರಿಸಿದೆ. ಹುಣಸಮಾರನಹಳ್ಳಿಯ ನಮ್ಮ ಮನೆಯಲ್ಲಿ ಆ ಅಕ್ಷರಕ್ಕೆ ಕೆಲಸವೇ ಇರಲಿಲ್ಲ. ನಾವು ಕುಡಿಯುತ್ತಿದ್ದದ್ದು ಆಲು, ಕಟ್ಟುತ್ತಿದ್ದದ್ದು ಅಸು, ಮುಡಿಯುತ್ತಿದ್ದದ್ದು ಊವು. ಊರಿನ ಹೆಸರಿನಲ್ಲೇ ಎರಡು 'ಹ' ಇದ್ದರೂ ಎರಡನ್ನೂ ನುಂಗಿ ಉಣಸಮಾರ್ನಳ್ಳಿ ಎನ್ನುತ್ತಿದ್ದೆವು. ಇದರಿಂದ ಹಾಲು ತೆಳ್ಳಗಾಗಿರಲಿಲ್ಲ, ಹೂವಿನ ವಾಸನೆ ಕಡಿಮೆಯಾಗಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ, ಕಿವಿಯ ಮತ್ತು ಮಾತಿನ ತೊಂದರೆಗಳಿಗೆ ಚಿಕಿತ್ಸೆ ಕಲಿಸುವ ಕಾಲೇಜಿಗೆ ಸೇರಿದೆ. ಅದು ಬೇರೆ ಊರಿನಲ್ಲಿತ್ತು, ಹಾಸ್ಟೆಲಿನಲ್ಲಿ ಇರಬೇಕಾಯಿತು. ಮಾತು ತಿದ್ದುವ ವಿದ್ಯೆ ಕಲಿಯಲು ಬಂದವಳ ಮಾತನ್ನೇ ಮೊದಲು ತಿದ್ದಬೇಕು ಎಂದು ಒಂದೇ ವಾರದಲ್ಲಿ ತೀರ್ಮಾನವಾಯಿತು. ನಾನು ಗಾಬರಿಬಿದ್ದು ಸಿಕ್ಕಸಿಕ್ಕಲ್ಲೆಲ್ಲ 'ಹ' ಸುರಿಯತೊಡಗಿದೆ. ಒಂದು ಸಂಜೆ ಅಡುಗೆಮನೆಗೆ ಇಣುಕಿ ಬಂದು, "ಇವತ್ತು ಸಣ್ಣ ಹಕ್ಕಿ ಬೇಯಿಸ್ತಿದಾರೆ ಕಣ್ರೇ" ಎಂದು ಸಾರಿದೆ. ಅದು ಮೊಟ್ಟೆಯೂ ಬೇಯದ ಹಾಸ್ಟೆಲು. ಅರ್ಥವಾದ ಮೇಲೆ ಎಲ್ಲರೂ ಚಾಪೆಯ ಮೇಲೆ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಅತ್ತೆ.

ಅಂದಿನಿಂದ ದಿನಾ ಬೆಳಿಗ್ಗೆ ಬಾಯಿಯ ಮುಂದೆ ಅಂಗೈ ಹಿಡಿದು, ಅಂಗೈಗೆ ಬಿಸಿಯುಸಿರು ತಾಗಿದರೆ 'ಹ', ತಾಗದಿದ್ದರೆ 'ಅ' ಎಂದು ಅಭ್ಯಾಸ ಮಾಡಿದೆ. ನಮ್ಮ ಪುಸ್ತಕದಲ್ಲಿ ತೊದಲುವ ಮಕ್ಕಳಿಗೆ ಬರೆದಿದ್ದ ಪಾಠವನ್ನು ನನಗೆ ನಾನೇ ಮಾಡಿಕೊಂಡೆ. ಆರು ತಿಂಗಳಲ್ಲಿ ರೇಡಿಯೋದವರ ಹಾಗೆ ಮಾತಾಡುತ್ತಿದ್ದೆ. ಅದರ ಜೊತೆಗೆ ಇನ್ನೊಂದನ್ನೂ ಕಲಿತೆ. ಅಪ್ಪ ನೋಡಲು ಬಂದಾಗ ಗೇಟಿನ ಹತ್ತಿರವೇ ಮಾತಾಡಿಸಿ, ಒಳಗೆ ಕರೆಯದೆ, ಬಸ್ಸಿಗೆ ಹೊತ್ತಾಯಿತು ಎಂದು ಕಳಿಸಿಬಿಡುತ್ತಿದ್ದೆ. ಅವನು ಗೆಳತಿಯರ ಮುಂದೆ "ಎಂಗಿದ್ದೀಯ ಅಮ್ಮಣ್ಣಿ" ಅಂದುಬಿಟ್ಟರೆ ಎನ್ನುವ ಭಯ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಪದವಿ ಮುಗಿದ ಮೇಲೆ ಒಂದು ವರ್ಷ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ರೆಸಿಡೆಂಟ್ ಆಗಿ ಕೆಲಸ ಕಲಿಯಬೇಕಿತ್ತು. ದಿನವಿಡೀ ಕಿವಿ ಪರೀಕ್ಷೆ. ಸದ್ದು ನುಸುಳದ ಹಾಗೆ ಗೋಡೆಗೆ ಮೆತ್ತೆ ಹೊಡೆದ ಒಂದು ಸಣ್ಣ ಕೋಣೆ. ರೋಗಿ ಅದರೊಳಗೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದರು, ನಾವು ಗಾಜಿನ ಈಚೆ ಯಂತ್ರದ ಮುಂದೆ. ಪರೀಕ್ಷೆ ಎರಡು ಬಗೆಯದು. ಒಂದರಲ್ಲಿ ಬರೀ ಕುಂಯ್ ಎನ್ನುವ ನಾದ, ಕೇಳಿಸಿದರೆ ಬೆರಳೆತ್ತಬೇಕು. ಇನ್ನೊಂದರಲ್ಲಿ ಇಪ್ಪತ್ತೈದು ಸಣ್ಣ ಸಣ್ಣ ಪದಗಳ ಪಟ್ಟಿ. ನಾವು ಹೇಳಿದ ಪದವನ್ನು ರೋಗಿ ತಿರುಗಿ ಹೇಳಬೇಕು. ಸರಿಯಿದ್ದರೆ ಗೆರೆ, ತಪ್ಪಿದರೆ ಕಾಟು, ಪದವೊಂದಕ್ಕೆ ನಾಲ್ಕು ಅಂಕ. ಕನ್ನಡದ ಪಟ್ಟಿ ಯಾರು ಮಾಡಿದ್ದೋ ತಿಳಿಯದು. ಅಚ್ಚುಕಟ್ಟಾದ, ಇಸ್ತ್ರಿ ಮಾಡಿದ ಕನ್ನಡ. ಅದರಲ್ಲಿ ಏಳು ಪದಗಳು 'ಹ'ದಿಂದ ಶುರುವಾಗುತ್ತಿದ್ದವು: ಹಾಲು, ಹಣ್ಣು, ಹಸು, ಹೂವು, ಹಗ್ಗ, ಹಲ್ಲು, ಹಕ್ಕಿ.

ಕೋಗಿಲು ಹಳ್ಳಿಯಿಂದ ಸೊಪ್ಪು ಮಾರುವ ಒಬ್ಬ ಅಜ್ಜಿ ಬಂದಿದ್ದರು. ನಾನು "ಹೂವು" ಅಂದೆ. ಅವರು "ಊವು" ಅಂದರು. ನಾನು ಗೆರೆ ಎಳೆದೆ. ಹಿಂದೆ ನಿಂತಿದ್ದ ನಮ್ಮ ವಿಭಾಗದ ಮುಖ್ಯಸ್ಥೆ, ನಾವೆಲ್ಲ ಬರೀ ಮೇಡಂ ಎಂದು ಕರೆಯುತ್ತಿದ್ದವರು, ನನ್ನ ಕೈಯಿಂದ ಪೆನ್ಸಿಲು ತೆಗೆದುಕೊಂಡು ಆ ಪದಕ್ಕೆ ಕಾಟು ಹಾಕಿದರು.

"ಅವರಿಗೆ ಕೇಳಿಸ್ತು ಮೇಡಂ. ಅವರ ಮನೇಲಿ ಹಂಗೇ ಹೇಳೋದು."

"ಅವರಿಗೆ ಏನು ಕೇಳಿಸ್ತು ಅಂತ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಏನು ಹೇಳಿದ್ರು ಅನ್ನೋದಷ್ಟೇ ನಮಗೆ ಗೊತ್ತಿರೋದು. ಬರಿ."

"ನನಗೆ ಗೊತ್ತು ಮೇಡಂ."

"ಹಾಗಾದ್ರೆ ಯಂತ್ರ ಯಾಕೆ, ನೀನೇ ಸಾಕಲ್ಲ," ಅಂದರು.

ಮೇಡಂ ಕೆಟ್ಟವರಲ್ಲ, ನಿಯಮದವರು. ನಿಯಮ ಸಡಿಲವಾದರೆ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಅಂಕ ಕೊಡುತ್ತಾರೆ ಎಂಬ ಅವರ ಮಾತಿನಲ್ಲಿ ನ್ಯಾಯವಿತ್ತು. ಆದರೆ ಆ ನ್ಯಾಯದಲ್ಲಿ ಕೋಗಿಲಿನ ಅಜ್ಜಿ, ಮಾಕಳಿಯ ಗಾರೆಯವರು, ನಮ್ಮೂರ ಕಡೆಯ ರೈತರೆಲ್ಲ ಕೂತ ಕುರ್ಚಿಯಲ್ಲೇ ಇಪ್ಪತ್ತೆಂಟು ಅಂಕ ಕಳೆದುಕೊಂಡು ಪರೀಕ್ಷೆ ಶುರು ಮಾಡುತ್ತಿದ್ದರು. ಕಲಿಯುವವಳು ನಾನು, ಸಹಿ ಅವರದು. ವರ್ಷಪೂರ್ತಿ ನನ್ನ ಕೈಯಾರೆ ನಮ್ಮವರ ಬಾಯಿಗೆ ಕಾಟು ಹಾಕಿದೆ. ಪ್ರತಿ ಕಾಟಿಗೂ ಮೈ ಉರಿಯುತ್ತಿತ್ತು. ಕೊನೆಯ ದಿನ ನನ್ನ ಪ್ರಮಾಣಪತ್ರಕ್ಕೆ ಸಹಿ ಹಾಕುತ್ತ ಮೇಡಂ, "ಜಗಳಗಂಟಿ. ಆದ್ರೆ ಕಿವಿ ಚುರುಕಾಗಿದೆ, ಎಲ್ಲಾದ್ರೂ ಉದ್ಧಾರ ಆಗ್ತೀಯ" ಅಂದರು. ನಾನು ಥ್ಯಾಂಕ್ಸ್ ಹೇಳದೆ ಬಂದೆ. ಈಗ ಅನ್ನಿಸುತ್ತದೆ, ಹೇಳಬಹುದಿತ್ತು.

ಸೇನೆಯ ಆಸ್ಪತ್ರೆಯೊಂದಕ್ಕೆ ಕಿವಿ ಪರೀಕ್ಷಕರು ಬೇಕಾಗಿದ್ದಾರೆ ಎಂದು ಪತ್ರಿಕೆಯಲ್ಲಿ ನೋಡಿದ್ದು ಅದೇ ತಿಂಗಳು. ಹೆಬ್ಬಾಳದ ಈಚೆ, ಸಾಲು ಮರಗಳ ಒಳಗಿದ್ದ ಆಸ್ಪತ್ರೆ. ಬಂದೂಕು, ಸಿಡಿಮದ್ದು, ಎಂಜಿನ್ನುಗಳ ನಡುವೆ ಬದುಕುವವರಿಗೆ ಕಿವಿ ಹೋಗುವುದು ಸಾಮಾನ್ಯ, ಹಾಗಾಗಿ ಅಲ್ಲಿ ಕೆಲಸಕ್ಕೆ ಬರವಿರಲಿಲ್ಲ. ಹುದ್ದೆಗೆ ಸಮವಸ್ತ್ರವಿಲ್ಲ, ಸಂಬಳ ಸೇನೆಯದು, ಶಿಸ್ತು ಸೇನೆಯದು, ಬೆಳಿಗ್ಗೆ ಏಳೂವರೆಗೆ ಹಾಜರಿ. ಸಂದರ್ಶನದಲ್ಲಿ ಮೂವರು ಅಧಿಕಾರಿಗಳು. ಒಬ್ಬರು ಕೇಳಿದರು, "ಇಪ್ಪತ್ತು ವರ್ಷ ಸರ್ವೀಸಾದ ಸುಬೇದಾರನೊಬ್ಬ ಬಂದು, ನನ್ನ ಕಿವಿ ಸರಿಯಿದೆ ಅಂತ ಬರಿ ಎಂದು ಮೇಜು ಗುದ್ದಿದರೆ ಏನು ಮಾಡ್ತೀರಿ?" ನಾನು, "ಮೇಜು ಗುದ್ದಿದ ಸದ್ದು ಅವರಿಗೆ ಕೇಳಿಸ್ತಾ ಅಂತ ಕೇಳ್ತೀನಿ ಸರ್" ಅಂದೆ. ಹೊರಗೆ ಬಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಕೆಲಸ ಸಿಕ್ಕಿತು.

ಮನೆಯಲ್ಲಿ ಅಮ್ಮ ತಲೆಯ ಮೇಲೆ ಕೈ ಹೊತ್ತು ಕೂತಳು. "ಗಂಡಸ್ರ ಮಿಲ್ಟ್ರೀಗೆ ಎಣ್ಮಗು ಓದ್ರೆ ನಾಳೆ ಯಾರು ಮದ್ವೆ ಆಯ್ತಾರೆ?" ನೆಂಟರದೂ ಇದೇ ರಾಗ. ಅಪ್ಪ ಮಾತ್ರ ಎಲ್ಲ ಮುಗಿದ ಮೇಲೆ ಒಂದೇ ಮಾತು ಕೇಳಿದ: "ಅಲ್ಲಿ ನಿನ್ ಕೆಲ್ಸ ಏನು?" ಸಿಪಾಯಿಗಳ ಕಿವಿ ಸರಿಯಿದೆಯಾ ನೋಡೋದು ಅಂದೆ. "ಅಂಗಾದ್ರೆ ಓಗು. ಯಾರ್ ಏನಂದ್ರೂ ಕಿವೀಗ್ ಆಕ್ಕಬ್ಯಾಡ," ಅಂದ. ನೆಂಟರಿಗೆ ನಾನೂ ಸೊಪ್ಪು ಹಾಕಲಿಲ್ಲ.

ಸೇರಿ ಎರಡು ತಿಂಗಳಾಗಿತ್ತು. ನನ್ನದಿನ್ನೂ ಪ್ರೊಬೇಷನ್, ಅಂದರೆ ಯಾವ ದಿನ ಬೇಕಾದರೂ ಮನೆಗೆ ಹೋಗು ಎನ್ನಬಹುದಾದ ಕಾಲ. ಆಗ ನನ್ನ ಮೇಜಿಗೆ ಒಂದು ಫೈಲು ಬಂತು. ಮಾಕಳಿ ಕಡೆಯ ಒಬ್ಬ ಹವಾಲ್ದಾರರದು. ಬಂಡೆ ಸಿಡಿಸಿ ರಸ್ತೆ ಮಾಡುವ ತುಕಡಿ, ಹದಿನೇಳು ವರ್ಷದ ಸರ್ವೀಸು, ಮೇಲಿನ ದರ್ಜೆಗೆ ಬಡ್ತಿ ಇನ್ನೇನು ಬರಬೇಕು. ಒಂದು ಸ್ಫೋಟ ಹತ್ತಿರದಲ್ಲೇ ಆಗಿ, ಕಿವಿಯಲ್ಲಿ ಜೀರುಂಡೆ ಕೂಗಿದಂತಾಗುತ್ತದೆ ಎಂದು ತಾವಾಗಿಯೇ ಬಂದು ಹೇಳಿಕೊಂಡಿದ್ದರು. ನಾನು ಬರುವ ಮೊದಲೇ ಹಿರಿಯ ಟೆಕ್ನಿಷಿಯನ್ ಅವರಿಗೆ ಎರಡು ಸಲ ಪರೀಕ್ಷೆ ಮಾಡಿದ್ದರು. ನಾದದ ಪರೀಕ್ಷೆಯಲ್ಲಿ ಕಿವಿ ಹೆಚ್ಚು ಕಡಿಮೆ ಸರಿಯಾಗಿತ್ತು. ಪದದ ಪರೀಕ್ಷೆಯಲ್ಲಿ ಎರಡೂ ಸಲ ಎಪ್ಪತ್ತೆರಡು.

ನಮ್ಮ ವಿದ್ಯೆಯಲ್ಲಿ ಇದಕ್ಕೆ ಕೆಟ್ಟ ಅರ್ಥವಿದೆ. ನಾದ ಚೆನ್ನಾಗಿ ಕೇಳುವವನಿಗೆ ಪದ ಕೇಳಿಸುವುದಿಲ್ಲ ಎಂದರೆ, ಪಿಂಚಣಿಗೋ ಹಗುರ ಕೆಲಸಕ್ಕೋ ಕಿವುಡಿನ ನಾಟಕ ಆಡುತ್ತಿದ್ದಾನೆ ಎಂಬ ಅನುಮಾನ. ಟೆಕ್ನಿಷಿಯನ್ ಅದನ್ನೇ ಫೈಲಿನಲ್ಲಿ ಬರೆದಿದ್ದರು. ಮುಂದಿನ ವಾರ ವೈದ್ಯಕೀಯ ಮಂಡಳಿ ಕೂರುವುದಿತ್ತು. ಅಲ್ಲಿ ಆ ಮಾತು ನಿಂತರೆ ಬಡ್ತಿ ಹೋಗುವುದಷ್ಟೇ ಅಲ್ಲ, ಸುಳ್ಳುಗಾರ ಎಂಬ ಮುದ್ರೆಯೊಂದಿಗೆ ವಿಚಾರಣೆ. ನನಗೆ ಬಂದ ಆದೇಶ, ಮೂರನೇ ಸಲ ಪರೀಕ್ಷೆ ಮಾಡಿ ಮುಗಿಸು ಎಂದು.

ನಾನು ಮೊದಲು ಹಳೆಯ ಹಾಳೆಗಳನ್ನು ಹುಡುಕಿಸಿದೆ. ಫೈಲಿನಲ್ಲಿ ಬರೀ ಒಟ್ಟು ಅಂಕವಿತ್ತು, ಗೆರೆ ಕಾಟು ಹಾಕಿದ ಹಾಳೆಗಳು ಬೀರುವಿನ ತಳದಲ್ಲಿದ್ದವು. ಟೆಕ್ನಿಷಿಯನ್ ಉತ್ತರದ ಕಡೆಯವರು, ಕನ್ನಡ ಬಾರದು. ಕನ್ನಡ ಪಟ್ಟಿಯ ಟೇಪು ಹಾಕಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದ ಪದಗಳನ್ನು ಕಣ್ಣಲ್ಲಿ ನೋಡುತ್ತ, ಕಿವಿಯಲ್ಲಿ ಕೇಳಿದ್ದನ್ನು ತಾಳೆ ಹಾಕಿದ್ದರು. ಮೊದಲ ಹಾಳೆಯಲ್ಲಿ ಏಳು ಕಾಟು, ಎರಡನೆಯದರಲ್ಲೂ ಅವೇ ಏಳು: ಹಾಲು, ಹಣ್ಣು, ಹಸು, ಹೂವು, ಹಗ್ಗ, ಹಲ್ಲು, ಹಕ್ಕಿ. ನನಗೆ ನಗು ಬಂತು, ಅದರ ಬೆನ್ನಿಗೇ ಎಲ್ಲಿಲ್ಲದ ಸಿಟ್ಟು ಬಂತು. ನಾಟಕ ಆಡುವವನು ತಿಂಗಳು ಬಿಟ್ಟು ಎರಡು ಸಲವೂ ಅದೇ ಏಳು ಪದ ತಪ್ಪಲಾರ.

ಹವಾಲ್ದಾರರನ್ನು ಕರೆಸಿ ಕೋಣೆಯಲ್ಲಿ ಕೂರಿಸಿದೆ. ಬೆನ್ನು ನೆಟ್ಟಗಿಟ್ಟು, ಮೊಣಕಾಲ ಮೇಲೆ ಮುಷ್ಟಿಯಿಟ್ಟು ಕೂತರು. ತಲೆ ಮಾತ್ರ ತಗ್ಗಿತ್ತು. ಪಟ್ಟಿಯ ಕೊನೆಗೆ ಬಂದು "ಹಕ್ಕಿ" ಅಂದೆ.

"ಅಕ್ಕಿ."

ನಾನು ಮೈಕಿನಲ್ಲಿ ಕೇಳಿದೆ, "ಯಾವ ಅಕ್ಕಿ?"

ಅವರು ಮೊದಲ ಸಲ ತಲೆಯೆತ್ತಿ ಗಾಜಿನ ಈಚೆ ನನ್ನ ಕಡೆ ನೋಡಿದರು. "ಆರೋ ಅಕ್ಕಿ ಮೇಡಮ್ಮೋರೆ. ನೀವೇಳಿದ್ದು ತಿನ್ನೋ ಅಕ್ಕಿ ಅಲ್ಲ, ಆರೋ ಅಕ್ಕಿ."

ಅಷ್ಟು ಸಾಕಾಗಿತ್ತು. ನನ್ನ ಬಾಯಿಂದ ಹೊರಟ ಆ ಸಣ್ಣ ಉಸಿರು ಹೆಡ್‌ಫೋನಿನೊಳಗೆ ಅವರ ಕಿವಿಗೆ ತಲುಪಿತ್ತು. ತಿರುಗಿ ಬರುವಾಗ ನಾಲಿಗೆಯ ಮೇಲೆ ಉಳಿದುಹೋಗಿತ್ತು, ಅಷ್ಟೇ. ಉಳಿದ ಆರಕ್ಕೂ ಹಾಗೇ ಕೇಳಿದೆ, ಆರಕ್ಕೂ ಸರಿಯಾಗಿ ಹೇಳಿದರು. ಹೊರಗೆ ಬಂದವರು ಕೈ ಕಟ್ಟಿ ನಿಂತು, "ನಾನು ನಾಟ್ಕ ಆಡ್ದೋನಲ್ಲ ಮೇಡಮ್ಮೋರೆ. ಬೇಕಾದ್ರೆ ಮನೀಗ್ ಕಳ್ಸಲಿ, ಆ ಮಾತು ಮಾತ್ರ ಬ್ಯಾಡ" ಅಂದರು. "ನಂಗೊತ್ತು, ನೀವು ನಡೀರಿ" ಅಂದೆ.

ಮಂಡಳಿಯ ಮುಖ್ಯಸ್ಥರು ಒಬ್ಬ ಕರ್ನಲ್, ತಾವೇ ಕಿವಿ ಮೂಗು ಗಂಟಲಿನ ವೈದ್ಯರು. ನಾನು ಹಾಳೆಗಳನ್ನು ಹರಡಿ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. ನಮ್ಮಿಬ್ಬರ ಮಾತು ನಡೆದದ್ದು ಇಂಗ್ಲಿಷಿನಲ್ಲಿ.

"ನೀವು ಯಾವ ಊರಿನವರು?"

ಹೇಳಿದೆ.

"ಅವನೂ ಆ ಕಡೆಯವನೇ. ನಿಮ್ಮ ಕಡೆಯವನ ಪರ ನೀವು ಮಾತಾಡ್ತಿದ್ದೀರಿ ಅಂತ ಬೇರೆ ಸದಸ್ಯರು ಅಂದ್ರೆ ನಾನೇನು ಹೇಳಲಿ? ಹದಿನೈದು ವರ್ಷ ಅನುಭವದ ಟೆಕ್ನಿಷಿಯನ್ ಒಂದು ಬರೀತಾನೆ, ಎರಡು ತಿಂಗಳಿನ ಹುಡುಗಿ ಇನ್ನೊಂದು."

"ಹಾಗಾದ್ರೆ ಪಿಂಚಣಿ ಬೇಡದ, ಬಡ್ತಿ ಬೇಡದ, ಈ ಪಟ್ಟಿಯನ್ನೇ ಕೇಳದ ಒಬ್ಬರನ್ನು ಕರೆತರ್ತೀನಿ ಸರ್. ಟೇಪು ಹಾಕೋದು ನಿಮ್ಮ ಟೆಕ್ನಿಷಿಯನ್ನೇ, ಅಂಕ ಹಾಕೋದೂ ಅವರೇ. ನಾನು ಯಂತ್ರ ಮುಟ್ಟೋದಿಲ್ಲ. ಇದೇ ಏಳು ಪದಕ್ಕೆ ಕಾಟು ಬೀಳುತ್ತೆ, ನೋಡಿ."

"ಯಾರು ಅವರು?"

"ನನ್ನ ತಂದೆ."

ಕರ್ನಲ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸಿವಿಲಿಯನ್ನರನ್ನು ಸೇನೆಯ ಯಂತ್ರದಲ್ಲಿ ಪರೀಕ್ಷಿಸುವ ಪದ್ಧತಿಯಿಲ್ಲ ಎಂದರು. ಸುಳ್ಳು ಹೇಳದವನನ್ನು ಸುಳ್ಳುಗಾರ ಎಂದು ಬರೆಯುವ ಪದ್ಧತಿಯೂ ಇಲ್ಲ ಅಂದುಕೊಂಡಿದ್ದೆ ಸರ್, ಅಂದೆ. ಇಂಥ ಮಾತು ಆಡಬಾರದಿತ್ತು ಎಂದು ಈಗ ತಿಳಿಯುತ್ತದೆ. ಆಗಲೂ ತಿಳಿದಿತ್ತು. ಅವರು ಕನ್ನಡಕ ಮತ್ತೆ ಹಾಕಿಕೊಂಡು, "ಗುರುವಾರ, ಹತ್ತು ಗಂಟೆ" ಅಂದರು.

ಗುರುವಾರ ಅಪ್ಪ ಆಲೂಗಡ್ಡೆ ಮೂಟೆಗಳನ್ನು ಯಶವಂತಪುರದ ಯಾರ್ಡಿಗೆ ಹಾಕಿ ನೇರ ಅಲ್ಲಿಂದ ಬಂದ. ಒಗೆದ ಪಂಚೆ, ತೋಳಿನ ಮೇಲೆ ಟವೆಲ್ಲು, ಕೂದಲಲ್ಲಿ ಇನ್ನೂ ಗೋಣಿಯ ನಾರು. ಅವನಿಗೆ ನಾನು ಹೇಳಿದ್ದು ಇಷ್ಟೇ: ಕಿವಿಗೆ ಒಂದು ಯಂತ್ರ ಹಾಕ್ತಾರೆ, ಅದರಲ್ಲಿ ಬಂದ ಮಾತನ್ನು ತಿರುಗಿ ಹೇಳು, ಒಬ್ಬ ಹವಾಲ್ದಾರರ ಮರ್ಯಾದೆಯ ವಿಷಯ. "ಇಂಗ್ಲೀಷ್ನಾಗೆ ಬಂದ್ರೆ?" ಅಂದ. ಕನ್ನಡವೇ ಬರುತ್ತೆ ಅಂದೆ. ಹಾಸ್ಟೆಲಿನ ಗೇಟು ದಾಟಿಸದವಳು ಅಂದು ಅಪ್ಪನನ್ನು ಕಾವಲಿನ ಸಿಪಾಯಿಗಳ ಮುಂದೆ, ಅಧಿಕಾರಿಗಳ ಮುಂದೆ ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವನು ಗಟ್ಟಿ ದನಿಯಲ್ಲಿ, "ಇದೇನ್ ಇಷ್ಟೊಂದ್ ಸುಣ್ಣ ಒಡ್ದವ್ರೆ ಅಮ್ಮಣ್ಣಿ, ಕಲ್ಗೂ ಮರಕ್ಕೂ" ಎನ್ನುತ್ತ ಬಂದ. ಸುಮ್ಮನಿರು ಎಂದು ನಾನು ಹೇಳಲಿಲ್ಲ.

ಕೋಣೆಯ ಬಾಗಿಲು ಮುಚ್ಚಿತು. ಟೆಕ್ನಿಷಿಯನ್ ಟೇಪು ಹಾಕಿದರು. ಕರ್ನಲ್ ಅವರ ಹೆಗಲ ಬಳಿ ನಿಂತರು. ನಾನು ಕೈ ಬೆನ್ನಿಗೆ ಕಟ್ಟಿ ಗೋಡೆಗೆ ಒರಗಿದೆ. ಅಪ್ಪ ಹೊಲದಾಚೆಯವರನ್ನು ಕೂಗುವ ದನಿಯಲ್ಲಿ ಉತ್ತರ ಕೊಡುತ್ತಿದ್ದ. ಆಲು. ಕಾಟು. ಮನೆ. ಗೆರೆ. ಅಣ್ಣು. ಕಾಟು. ಒಂದೊಂದು ಕಾಟಿಗೂ ನನಗೆ ಹಬ್ಬ. ವರ್ಷಪೂರ್ತಿ ಮೈ ಉರಿಸಿದ್ದ ಕಾಟುಗಳನ್ನು ಅಂದು ಬೀಳಲಿ, ಬೀಳಲಿ ಎಂದು ಕಾಯುತ್ತಿದ್ದೆ.

ಹದಿನೆಂಟನೆಯದೋ ಏನೋ, ಟೇಪು "ಸೊಪ್ಪು" ಅಂದಿತು. ಅಪ್ಪ "ಉಪ್ಪು" ಅಂದ.

ಇನ್ನೆರಡು ಪದದ ನಂತರ ಟೇಪು "ಸರ" ಅಂದಿತು. ಅಪ್ಪ ಸ್ವಲ್ಪ ತಡೆದು, ಹುಬ್ಬು ಗಂಟಿಕ್ಕಿ, "ಮರ" ಅಂದ.

ಟೆಕ್ನಿಷಿಯನ್ ಎಣಿಸಿ ತಿರುಗಿದರು. ಅವರ ಮುಖದಲ್ಲಿ ಗೆದ್ದ ಕಳೆ. "ನೀವು ಏಳು ಅಂದಿರಿ. ಒಂಬತ್ತಾಗಿದೆ. ಅರವತ್ನಾಲ್ಕು ಅಂಕ."

ಕರ್ನಲ್ ನನ್ನ ಕಡೆ ನೋಡಿದರು. ಅವರಿಗೆ ಕನ್ನಡ ಬಾರದು, ಟೆಕ್ನಿಷಿಯನ್ನರಿಗೂ ಬಾರದು. ಆ ಎರಡೂ ನಮ್ಮೂರ ಮಾತೇ ಸರ್, ಸೊಪ್ಪಿಗೆ ಉಪ್ಪು ಅಂತೀವಿ ಎಂದು ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನನ್ನ ವಾದ ಉಳಿಯುತ್ತಿತ್ತು, ಹವಾಲ್ದಾರರು ಉಳಿಯುತ್ತಿದ್ದರು. ನಾಲಿಗೆಯ ತುದಿಗೆ ಬಂದಿತ್ತು ಆ ಸುಳ್ಳು. ಗಾಜಿನಾಚೆ ಅಪ್ಪ ಹೆಡ್‌ಫೋನ್ ತೆಗೆಯಬಹುದಾ ಎಂದು ಕೈಸನ್ನೆಯಲ್ಲಿ ಕೇಳುತ್ತಿದ್ದ.

"ಏಳು ನಮ್ಮ ಮಾತು ಸರ್," ಅಂದೆ. "ಇನ್ನೆರಡು ಅವರಿಗೆ ಕೇಳಿಸಲಿಲ್ಲ. ನಾದದ ಪರೀಕ್ಷೆ ಮಾಡಿ ನೋಡಿ. ಮೇಲಿನ ಸ್ಥಾಯಿಯಲ್ಲಿ ಕಿವಿ ಬಿದ್ದಿರುತ್ತೆ. 'ಸ' ಇರೋದು ಅಲ್ಲೇ."

ಮಾಡಿದರು. ಗ್ರಾಫಿನ ಗೆರೆ ಎಡದಿಂದ ಮಟ್ಟಸವಾಗಿ ಬಂದು, ಬಲಗಡೆ ಬಾವಿಗೆ ಇಳಿದಂತೆ ಕೆಳಗಿಳಿಯಿತು. ಎರಡೂ ಕಿವಿ. ಹಳೆಯ ನಷ್ಟ, ವರ್ಷಗಟ್ಟಲೆ ಡೀಸಲ್ ಪಂಪಿನ ಪಕ್ಕದಲ್ಲಿ ನಿಂತು ನೀರು ಕಟ್ಟಿದವನ ಕಿವಿ. ಸಾವಿರ ಕಿವಿ ನೋಡುವ ವಿದ್ಯೆ ಕಲಿತು ಬಂದವಳು ಮನೆಯ ಆ ಎರಡು ಕಿವಿಗಳನ್ನು ನೋಡಿರಲಿಲ್ಲ. ಅಮ್ಮ ಕರೆದಾಗ ಓಗೊಡದಿದ್ದರೆ ಹಠ ಅಂದುಕೊಂಡಿದ್ದೆ. ನಾನು ರಜೆಯಲ್ಲಿ ಊರಿಗೆ ಹೋಗಿ ಮಾತಾಡಿಸಿದಾಗ ಅಪ್ಪ ಬರೀ ನಗುತ್ತಿದ್ದರೆ, ಓದಿದ ಮಗಳ ಮುಂದೆ ಸಂಕೋಚ ಅಂದುಕೊಂಡಿದ್ದೆ. ನನಗೆ ಅಲ್ಲೇ ಅಳು ಬರುವಂತಾಯಿತು, ಬರಗೊಡಲಿಲ್ಲ.

ಕರ್ನಲ್ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಅಪ್ಪನ ಹಾಳೆಯಲ್ಲಿ ನಾದದ ನಷ್ಟಕ್ಕೆ ತಕ್ಕಂತೆ ಎರಡು ಪದ ಹೋಗಿದ್ದವು, ಅದರ ಮೇಲೆ ಏಳು. ಹವಾಲ್ದಾರರ ಹಾಳೆಯಲ್ಲಿ ನಷ್ಟವಿರಲಿಲ್ಲ, ಅದೇ ಏಳು. "ಸರಿ. ಒಪ್ಪಿದೆ. ಅವನು ನಾಟಕ ಆಡಿಲ್ಲ," ಅಂದರು. ಪೆನ್ನಿನ ಮುಚ್ಚಳ ತೆಗೆದು, "ಹಾಗಾದ್ರೆ ಫೈಲಿನಲ್ಲಿ ಮಾತಿನ ದೋಷ ಅಂತ ಬರೀರಿ. ಉಚ್ಚಾರಣೆಯ ದೋಷದಿಂದ ಅಂಕ ಕಡಿಮೆಯಾಗಿದೆ, ಕಿವಿ ಸರಿಯಾಗಿದೆ. ಮಂಡಳಿ ಎರಡು ನಿಮಿಷದಲ್ಲಿ ಮುಗಿಸುತ್ತೆ" ಅಂದರು.

ಅವರು ಉಪಕಾರವೆಂದೇ ಹೇಳಿದ್ದು. ಟೆಕ್ನಿಷಿಯನ್ನರ ತಪ್ಪೂ ಮುಚ್ಚಿಹೋಗುತ್ತಿತ್ತು, ನನ್ನ ಕೆಲಸಕ್ಕೂ ಕುತ್ತಿರಲಿಲ್ಲ. ಆದರೆ ಮೇಲಿನ ದರ್ಜೆಗೆ ಹೋಗಿ ನೂರು ಜನಕ್ಕೆ ಕೂಗಿ ಆಜ್ಞೆ ಕೊಡಬೇಕಾದ ಮನುಷ್ಯನ ಫೈಲಿನಲ್ಲಿ ಮಾತಿನ ದೋಷ ಎಂದು ಬರೆದರೆ ಅದು ಹಾಗೇ ಬಿದ್ದಿರುತ್ತದೆಯೇ? ಅದಕ್ಕಿಂತ ಹೆಚ್ಚಾಗಿ, ಪಕ್ಕದ ಬೆಂಚಿನಲ್ಲಿ ಅಪ್ಪ ಕೂತಿದ್ದ. ಅವನ ಬಾಯನ್ನು ನಾನು ಮೂರು ವರ್ಷ ದೋಷವೆಂದೇ ತಿಳಿದು ಗೇಟಿನಾಚೆ ನಿಲ್ಲಿಸಿದ್ದೆ. ಇನ್ನೊಂದು ಸಲ ಅದಕ್ಕೆ ಸಹಿ ಹಾಕಲು ನನ್ನಿಂದ ಆಗಲಿಲ್ಲ.

"ಅವರ ಮಾತಿನಲ್ಲಿ ದೋಷ ಇಲ್ಲ ಸರ್."

"ಅಕ್ಷರ ನುಂಗ್ತಾನೆ ಅಂತ ನೀವೇ ಹೇಳಿದ್ರಿ."

"ಅವರ ಊರಿಗೆ ಊರೇ ಹಾಗೆ ಮಾತಾಡುತ್ತೆ. ಊರಿಗೆ ಊರೇ ಒಂದೇ ತರಹ ಆಡೋದು ದೋಷ ಅಲ್ಲ, ಭಾಷೆ. ಮಾತಿನ ದೋಷ ಯಾವುದು ಅಂತ ಬರೆಯೋ ಕೆಲಸಕ್ಕೇ ನನ್ನನ್ನ ತಗೊಂಡಿರೋದು. ಇದನ್ನ ಬರೆಯಲ್ಲ."

"ನೀವಿನ್ನೂ ಪ್ರೊಬೇಷನ್ನಿನಲ್ಲಿದ್ದೀರಿ."

"ಗೊತ್ತು ಸರ್."

ಫೈಲನ್ನು ನನ್ನ ಕಡೆ ಎಳೆದುಕೊಂಡೆ. ಕಿವಿ: ಸೇವೆಗೆ ಯೋಗ್ಯ. ಮಾತು: ಸಹಜ. ಕೆಳಗೆ ಕಾರಣ ಬರೆಯುವ ಜಾಗದಲ್ಲಿ, ದೋಷ ಪದಪಟ್ಟಿಯದು, ರೋಗಿಯದಲ್ಲ, ಎಂದು ಬರೆದು ಸಹಿ ಹಾಕಿ ಮುಂದಿಟ್ಟೆ. ಕರ್ನಲ್ ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಕೆಳಗೆ ತಮ್ಮ ಸಹಿ ಹಾಕಿದರು.

ಹವಾಲ್ದಾರರಿಗೆ ಬಡ್ತಿ ಬಂತು. ನನಗೆ ಅಧಿಕಾರದ ಮಿತಿ ಮೀರಿ ವಾದಿಸಿದ್ದಕ್ಕೆ ಪ್ರೊಬೇಷನ್ನು ಆರು ತಿಂಗಳು ಮುಂದುವರಿದ ಪತ್ರ ಬಂತು. ಅದನ್ನು ಓದಿ, ಮಡಿಸಿ, ಮೇಜಿನ ಕಾಲು ಅಲ್ಲಾಡುತ್ತಿದ್ದ ಕಡೆ ಇಟ್ಟೆ. ನಂತರ ನಮ್ಮ ಕಡೆಯವರ ಬಾಯಿಂದ ಬಂದ 'ಊವು'ಗೆ ನಾನು ಒಂದು ದಿನವೂ ಕಾಟು ಹಾಕಲಿಲ್ಲ, ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಆ ಕೆಲಸದಲ್ಲಿ ವಯಸ್ಸು ಕಳೆದೆ.

ಆ ಗುರುವಾರ ಅಪ್ಪನನ್ನು ಊರಿಗೆ ಬಿಡಲು ನಾನೂ ಯಲಹಂಕದ ಕಡೆಯ ಬಸ್ಸು ಹತ್ತಿದೆ. ತುಂಬಿದ ಬಸ್ಸು, ಸೀಟಿನಲ್ಲಿ ಕಾಲೇಜಿನ ಹುಡುಗಿಯರು, ನಾವಿಬ್ಬರೂ ಕಂಬ ಹಿಡಿದು ನಿಂತಿದ್ದೆವು. ಅಪ್ಪ ಕೇಳಿದ, "ಆ ಅವಾಲ್ದಾರಪ್ಪನ್ ಮರ್ವಾದೆ ಉಳೀತಾ?"

ಉಳೀತು ಅಂದೆ. ಕೇಳಿಸಲಿಲ್ಲ. ತಲೆ ಆಡಿಸಿ ತೋರಿಸಿದೆ.

"ನಂದೇನೋ ಕೆಟ್ಟೈತೆ ಅಂತ ಮಾತಾಡ್ಕೊತಿದ್ರಲ್ಲ ನೀವು?"

ಕಿವಿ ಮುಟ್ಟಿ ತೋರಿಸಿದೆ. ಅವನು ನಕ್ಕ. "ಅಂಗೇ ಅಂತ ನಂಗೂ ಗೊತ್ತು. ಓದ್ರೆ ಓಗ್ಲಿ ಬಿಡು, ಅವ್ನ್ ಕೆಲ್ಸ ಉಳೀತಲ್ಲ."

ಬಸ್ಸಿನ ಗದ್ದಲಕ್ಕಿಂತ ಮೇಲೆ, ಅವನಿಗೆ ಕೇಳುವಷ್ಟು ಗಟ್ಟಿಯಾಗಿ ಕೂಗಿದೆ:

"ಎಂಗ್ ಓಗ್ಲಿ ಅಂತ ಬಿಡಾದು? ನಾ ಬಿಡಾಕಿಲ್ಲ ಕಣಪ್ಪ!"

ಹುಡುಗಿಯರು ತಿರುಗಿ ನೋಡಿದರು. ನೋಡಲಿ. ಅಪ್ಪನಿಗೆ ಪ್ರತಿಯೊಂದು ಪದವೂ ಕೇಳಿಸಿತ್ತು.